ಸುಲಭ ಕೇಕಿನ ಕಷ್ಟದ ಚರಿತ್ರೆ

ಪಾಕಪುಸ್ತಕಗಳಲ್ಲಿ ನಾನು ಅನುಮಾನದಿಂದ ನೋಡುವ ಒಂದು ಪದವಿದೆ: ‘ಸುಲಭ’. ಸುಲಭ ಕೇಕ್, ಸುಲಭ ಪುಡಿಂಗ್, ಹತ್ತೇ ನಿಮಿಷದ ಸಿಹಿ. ಯಾರಿಗೆ ಸುಲಭ, ಯಾವಾಗಿನಿಂದ ಸುಲಭ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ.

ಭಾನುವಾರಗಳಲ್ಲಿ ಕೇಕ್ ಬೇಯಿಸುವುದು ನನ್ನ ಹವ್ಯಾಸ. ಬೇಯಿಸಿದ್ದಕ್ಕೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಅಂಕ ಬರೆದಿಡುತ್ತೇನೆ. ರುಚಿಗೆ ಹತ್ತಕ್ಕೆ ಇಷ್ಟು, ಸುಲಭಕ್ಕೆ ಹತ್ತಕ್ಕೆ ಇಷ್ಟು. ಕಳೆದ ಕೆಲವು ತಿಂಗಳಲ್ಲಿ ತಮ್ಮ ತಮ್ಮ ಕಾಲಕ್ಕೆ ಸರಳ ಎನ್ನಿಸಿಕೊಂಡಿದ್ದ ಕೇಕುಗಳನ್ನು ಹಳೆಯದರಿಂದ ಹೊಸದರ ಕಡೆಗೆ ಒಂದೊಂದಾಗಿ ಮಾಡುತ್ತ ಬಂದೆ. ಮಾಡುತ್ತ ಹೋದಂತೆ ಎರಡು ಅಂಕಗಳ ಪಕ್ಕದಲ್ಲಿ ಮೂರನೆಯ ಕಾಲಮ್ಮೊಂದು ಬೇಕೆನ್ನಿಸಿತು. ಅದಕ್ಕೆ ‘ಯಾರ ಶ್ರಮ’ ಎಂದು ಹೆಸರಿಟ್ಟೆ. ಈ ಬರಹ ಆ ಕಾಲಮ್ಮಿನ ಕತೆ.

ಮೊದಲನೆಯದು ಪೌಂಡ್ ಕೇಕ್. ನೆನಪಿಡಲು ಇದಕ್ಕಿಂತ ಸರಳವಾದ ಲೆಕ್ಕವಿಲ್ಲ. ಒಂದು ಪೌಂಡ್ ಬೆಣ್ಣೆ, ಒಂದು ಪೌಂಡ್ ಸಕ್ಕರೆ, ಒಂದು ಪೌಂಡ್ ಹಿಟ್ಟು. 1747ರಲ್ಲಿ ಲಂಡನ್ನಿನಲ್ಲಿ ಹ್ಯಾನಾ ಗ್ಲಾಸ್ ಪ್ರಕಟಿಸಿದ ಪಾಕಪುಸ್ತಕದಲ್ಲಿ ಇದಕ್ಕೆ ಹನ್ನೆರಡು ಮೊಟ್ಟೆ ಸೇರುತ್ತವೆ, ಆದರೆ ಬಿಳಿಭಾಗ ಆರರದ್ದು ಮಾತ್ರ. ಜೊತೆಗೆ ಒಂದಿಷ್ಟು ಶಾಜೀರಿಗೆ. ಇಷ್ಟನ್ನೂ ಕೈಯಲ್ಲೋ ದೊಡ್ಡ ಮರದ ಚಮಚದಲ್ಲೋ ಒಂದು ಗಂಟೆ ಚೆನ್ನಾಗಿ ಕಡೆಯಬೇಕು, ಆಮೇಲೆ ಒಂದು ಗಂಟೆ ಬೇಯಿಸಬೇಕು.

ನಾನು ಕಾಲು ಭಾಗ ಮಾಡಿದೆ. ತಲಾ 113 ಗ್ರಾಂ ಬೆಣ್ಣೆ, ಸಕ್ಕರೆ, ಮೈದಾ, ಮೂರು ಹಳದಿ, ಒಂದೂವರೆ ಬಿಳಿ. ಯಂತ್ರ ಮುಟ್ಟಬಾರದೆಂದು ಮೊದಲೇ ನಿರ್ಧರಿಸಿದ್ದೆ. ಕಾಲು ಗಂಟೆಗೆ ಮಣಿಕಟ್ಟು ನೋಯತೊಡಗಿತು, ಅರ್ಧ ಗಂಟೆಗೆ ಭುಜ. ಉಳಿದ ಅರ್ಧ ಗಂಟೆಯನ್ನು ನಾನೂ ಅಕ್ಕನ ಮಗನೂ ಸರದಿಯ ಮೇಲೆ ಮುಗಿಸಿದೆವು. ಈ ಹಿಟ್ಟಿನಲ್ಲಿ ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ, ಯೀಸ್ಟ್ ಇಲ್ಲ. ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಎಳೆದು ತರುವ ಗಾಳಿ, ಮೊಟ್ಟೆ ಹಿಡಿದಿಡುವ ಗಾಳಿ, ಇವೇ ಬಂಡವಾಳ. ಒಲೆಯ ಬಿಸಿಗೆ ಆ ಗಾಳಿ ಹಿಗ್ಗಿ, ನೀರು ಆವಿಯಾಗಿ ಕೇಕು ಏಳುತ್ತದೆ. ಒಂದು ಗಂಟೆ ಎನ್ನುವುದು ಅಲಂಕಾರದ ಮಾತಲ್ಲ, ತೋಳೇ ಇಲ್ಲಿ ಬೇಕಿಂಗ್ ಪೌಡರ್. ಬಂದ ಕೇಕು ಹಳದಿ ಬಣ್ಣದ್ದು, ಒತ್ತಾದ ನುಣುಪಾದ ಒಡಲಿನದು, ಬೆಣ್ಣೆಯ ಘಮದ್ದು. ರುಚಿಗೆ 8. ಸುಲಭಕ್ಕೆ 2.

ಮೂರನೆಯ ಕಾಲಮ್ಮಿಗೆ ಏನು ಬರೆಯಲಿ? ಗ್ಲಾಸ್ ತನ್ನ ಪುಸ್ತಕವನ್ನು ಬರೆದದ್ದು ಮನೆಗೆಲಸದ ಹೆಣ್ಣುಮಕ್ಕಳಿಗೆ ಅರ್ಥವಾಗಲೆಂದು. ಅಂದರೆ ಪುಸ್ತಕ ಕೊಳ್ಳುವವಳು ಒಬ್ಬಳು, ಕಡೆಯುವವಳು ಇನ್ನೊಬ್ಬಳು. ಯಜಮಾನಿಗೆ ಇದು ಸುಲಭದ ಕೇಕು, ಏಕೆಂದರೆ ಆ ಒಂದು ಗಂಟೆ ಅವಳದಲ್ಲ.

ಬರೆದವಳ ಪಾಡೂ ಸುಲಭದ್ದಾಗಿರಲಿಲ್ಲ. ಪುಸ್ತಕ ಮೊದಲು ಬಂದಾಗ ಅದರ ಮೇಲೆ ಅವಳ ಹೆಸರಿರಲಿಲ್ಲ, ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. ಪುಸ್ತಕ ಚೆನ್ನಾಗಿ ಖರ್ಚಾದರೂ 1754ರಲ್ಲಿ ಅವಳು ದಿವಾಳಿಯಾಗಿ ಹಕ್ಕುಗಳನ್ನು ಮಾರಿದಳು. 1757ರಲ್ಲಿ ಸಾಲಗಾರರ ಜೈಲನ್ನೂ ಕಂಡಳು. ಈ ಪುಸ್ತಕ ನಿಜವಾಗಿ ಜಾನ್ ಹಿಲ್ ಎಂಬ ಗಂಡಸಿನದು ಎಂಬ ಮಾತು ಆ ಶತಮಾನದಲ್ಲೇ ಹಬ್ಬಿತ್ತು. ಆ ಮಾತನ್ನು ಸಾಮ್ಯುಯೆಲ್ ಜಾನ್ಸನ್ ಪೂರ್ತಿ ನಂಬಲಿಲ್ಲ. ಆದರೆ ಒಳ್ಳೆಯ ಪಾಕಪುಸ್ತಕ ಬರೆಯುವುದು ಹೆಂಗಸರಿಂದಾಗದ ಕೆಲಸ ಎಂದು ಅವನು ಅಭಿಪ್ರಾಯಪಟ್ಟದ್ದು ಬಾಸ್ವೆಲ್ ಬರೆದ ಜೀವನಚರಿತ್ರೆಯಲ್ಲಿದೆ. ಗ್ಲಾಸ್‌ಳೇ ಬರೆದದ್ದು ಎಂಬುದನ್ನು ಮ್ಯಾಡಲೀನ್ ಹೋಪ್ ಡಾಡ್ಸ್ ಎಂಬ ಇತಿಹಾಸಕಾರ್ತಿ ದಾಖಲೆ ಸಹಿತ ಸಾಬೀತು ಮಾಡಿದ್ದು 1938ರಲ್ಲಿ. ಪುಸ್ತಕ ಬಂದು ಆಗಲೇ 191 ವರ್ಷವಾಗಿತ್ತು.

ಆ ಕೇಕಿನ ಒಂದು ಪೌಂಡ್ ಸಕ್ಕರೆಗೂ ಒಂದು ಊರಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿಗೆ ಸಕ್ಕರೆ ಬರುತ್ತಿದ್ದದ್ದು ಜಮೈಕಾ, ಬಾರ್ಬಡೋಸ್‌ನಂಥ ಕೆರಿಬಿಯನ್ ದ್ವೀಪಗಳಿಂದ. ಅಲ್ಲಿ ಕಬ್ಬು ಕಡಿದು, ಗಾಣಕ್ಕೆ ಕೊಟ್ಟು, ಕೊಪ್ಪರಿಗೆಯಲ್ಲಿ ಕುದಿಸುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆ ಬ್ರಿಟಿಷ್ ಸಂಸತ್ತಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಕಿರುಹೊತ್ತಗೆ ಬರೆದು ಆ ಸಕ್ಕರೆಯನ್ನು ತಿನ್ನಬೇಡಿ ಎಂದು ಕರೆಕೊಟ್ಟ. ಸಾವಿರಾರು ಮನೆಗಳು ಸಕ್ಕರೆ ಬಿಟ್ಟವು. ಮತ ಹಾಕುವ ಹಕ್ಕಿಲ್ಲದ ಹೆಂಗಸರಿಗೆ ಅಂಗಡಿಯ ಚೀಟಿಯೇ ಮತಪತ್ರವಾಯಿತು. 1824ರಲ್ಲಿ ಲೆಸ್ಟರ್ ನಗರದ ಎಲಿಜಬೆತ್ ಹೆಯ್ರಿಕ್ ಗುಲಾಮಗಿರಿಯನ್ನು ಹಂತಹಂತವಾಗಿ ಅಲ್ಲ, ಈಗಲೇ ತೊಲಗಿಸಬೇಕು ಎಂದು ಬರೆದಾಗ ಸಕ್ಕರೆಯ ಬಹಿಷ್ಕಾರ ಮತ್ತೆ ಕಾವೇರಿತು.

ಈ ಕತೆಗೆ ಭಾರತವೂ ಸೇರುವುದು ಇಲ್ಲೇ. ಇದರೊಳಗಿರುವುದು ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ ಎಂದು ಸಾರುವ ಪಿಂಗಾಣಿ ಬಟ್ಟಲುಗಳು ಆಗ ಇಂಗ್ಲೆಂಡಿನ ಚಹಾ ಮೇಜುಗಳ ಮೇಲೆ ಬಂದವು. ಭಾರತದ ಸಕ್ಕರೆ ಶುದ್ಧ ಮನಸ್ಸಿನ ಸಕ್ಕರೆಯಾಯಿತು. ಆದರೆ ಕಂಪನಿ ಆಳುತ್ತಿದ್ದ ಭಾರತದಲ್ಲೂ ಜೀತ, ಗುಲಾಮಗಿರಿಗಳಿದ್ದವು, ಅವಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ ಕಾಯ್ದೆಯಿಂದ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಕಾನೂನು 1834ರಲ್ಲಿ ಜಾರಿಗೆ ಬಂದಾಗ, ಅದೇ ವರ್ಷ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳು ಬಂದಿಳಿದದ್ದು ಭಾರತದಿಂದ. 1838ರಲ್ಲಿ ಅಂಥದೇ ಹಡಗುಗಳು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾ ಮುಟ್ಟಿದವು. ಮೂರನೆಯ ಕಾಲಮ್ಮು ಮೊದಲನೆಯ ಕೇಕಿಗೇ ಪುಟ ತುಂಬಿಸಿತು.

ಎರಡನೆಯ ಪ್ರಯೋಗ ತೋಳಿಗೆ ಬಿಡುವು ಕೊಟ್ಟ ಕೇಕು. 1796ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಮೀಲಿಯಾ ಸಿಮನ್ಸ್ ಎಂಬಾಕೆಯ ಪಾಕಪುಸ್ತಕ ಅಚ್ಚಾಯಿತು. ಮುಖಪುಟದಲ್ಲಿ ಅವಳು ತನ್ನನ್ನು ಅಮೆರಿಕದ ಅನಾಥೆ ಎಂದು ಕರೆದುಕೊಂಡಿದ್ದಾಳೆ. ಅವಳ ಕುಕಿ, ಶುಂಠಿ ಕೇಕುಗಳಲ್ಲಿ ‘ಪರ್ಲ್‌ಆಶ್’ ಎಂಬ ಪದಾರ್ಥ ಕಾಣುತ್ತದೆ. ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ನೆನೆಸಿ, ಸೋಸಿ, ಬತ್ತಿಸಿ, ಸುಟ್ಟು ಶುದ್ಧಿ ಮಾಡಿದ ಕ್ಷಾರ ಅದು. ಹಪ್ಪಳಕ್ಕೆ ಖಾರ ಹಾಕುವುದನ್ನು ಕಂಡವರಿಗೆ ಇದು ತೀರಾ ಹೊಸದೆನ್ನಿಸದು. ಹುಳಿಯ ಜೊತೆ ಸೇರಿದಾಗ ಈ ಕ್ಷಾರ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಹಿಟ್ಟು ತಾನಾಗಿ ಉಬ್ಬುತ್ತದೆ. ಅಮೆರಿಕದ ಕಾಡುಗಳನ್ನು ಕಡಿದು ಹೊಲ ಮಾಡುತ್ತಿದ್ದವರಿಗೆ ಬೂದಿಗೇನೂ ಬರವಿರಲಿಲ್ಲ. ಆ ದೇಶದ ಮೊಟ್ಟಮೊದಲ ಪೇಟೆಂಟು, 1790ರಲ್ಲಿ ಸಾಮ್ಯುಯೆಲ್ ಹಾಪ್ಕಿನ್ಸ್‌ಗೆ ಸಿಕ್ಕಿದ್ದು, ಈ ಬೂದಿಯ ಕ್ಷಾರವನ್ನು ತಯಾರಿಸುವ ಸುಧಾರಿತ ಕ್ರಮಕ್ಕೆ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಸಹಿ ಅದರ ಮೇಲಿದೆ.

ಮುಂದಿನ ಅರ್ಧಶತಮಾನದಲ್ಲಿ ಬೂದಿ ಹೋಗಿ ಡಬ್ಬಿ ಬಂತು. ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ 1843ರಲ್ಲಿ ಬೇಕಿಂಗ್ ಪೌಡರನ್ನು ತಯಾರಿಸಿದ. ಅವಳಿಗೆ ಮೊಟ್ಟೆಯೂ ಆಗುತ್ತಿರಲಿಲ್ಲವಾದ್ದರಿಂದ ಅದಕ್ಕೂ ಮೊದಲೇ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ ಮಾಡಿದ್ದ. ನಮ್ಮ ಮನೆಗಳ ಫ್ರೂಟ್ ಸಲಾಡಿನ ಹಳದಿ ಕಸ್ಟರ್ಡ್ ಆ ಪುಡಿಯ ವಂಶದ್ದೇ. ಹಾರ್ವರ್ಡಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಪಡೆದ ಪೇಟೆಂಟಿನ ಪ್ರಕಾರ ಪುಡಿಯ ಹುಳಿ ಪದಾರ್ಥವನ್ನು ಪ್ರಾಣಿಗಳ ಮೂಳೆಯಿಂದ ತೆಗೆಯಲಾಗುತ್ತಿತ್ತು.

ನಾನು ಸಿಮನ್ಸ್‌ಳ ದಾರಿ ಹಿಡಿದು, ಅಡುಗೆ ಸೋಡಾ, ಹುಳಿ ಮಜ್ಜಿಗೆ, ಶುಂಠಿ, ಕರಗಿಸಿದ ಬೆಲ್ಲ ಸೇರಿಸಿ ಒಂದು ಕೇಕು ಮಾಡಿದೆ. ಸೋಡಾ ಬಿದ್ದೊಡನೆ ಮಜ್ಜಿಗೆ ಬುಸುಗುಟ್ಟಿತು. ಕಲೆಸಲು ಎರಡೇ ನಿಮಿಷ. ರುಚಿಗೆ 6, ಏಕೆಂದರೆ ಸೋಡಾದ ನೆರಳು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇದ್ದೇ ಇರುತ್ತದೆ. ಸುಲಭಕ್ಕೆ 8.

ಮೂರನೆಯದು ವಿಕ್ಟೋರಿಯಾ ಸ್ಯಾಂಡ್‌ವಿಚ್. ಇಸಬೆಲ್ಲಾ ಬೀಟನ್ 1861ರಲ್ಲಿ ಪುಸ್ತಕವಾಗಿ ತಂದ ಗೃಹಕೃತ್ಯದ ಬೃಹತ್ ಗ್ರಂಥದಲ್ಲಿ ಇದರ ವಿಧಾನವಿದೆ. ನಾಲ್ಕು ಮೊಟ್ಟೆ ತೂಗಬೇಕು. ಎಷ್ಟು ತೂಗುತ್ತವೋ ಅಷ್ಟೇ ಬೆಣ್ಣೆ, ಅಷ್ಟೇ ಪುಡಿಸಕ್ಕರೆ, ಅಷ್ಟೇ ಹಿಟ್ಟು. ಒಂದು ಚಿಟಿಕೆ ಉಪ್ಪು. ಹತ್ತು ನಿಮಿಷ ಕಡೆದು, ಇಪ್ಪತ್ತು ನಿಮಿಷ ಬೇಯಿಸಿ, ನಡುವೆ ಜಾಮ್ ಸವರಬೇಕು. ಗ್ಲಾಸ್‌ಳ ಒಂದು ಗಂಟೆ ಇಲ್ಲಿ ಹತ್ತು ನಿಮಿಷಕ್ಕಿಳಿದಿದೆ. ತೂಕದ ಬಟ್ಟಿನ ಜಾಗದಲ್ಲಿ ಮೊಟ್ಟೆಯೇ ಕೂತಿದೆ. ನಾಟಿ ಕೋಳಿಯ ಮೊಟ್ಟೆಯಾದರೂ ಫಾರಂ ಮೊಟ್ಟೆಯಾದರೂ ಲೆಕ್ಕ ತಪ್ಪುವುದಿಲ್ಲ. ಈ ಜಾಣತನ ನನಗೆ ಬಹಳ ಹಿಡಿಸಿತು. ರುಚಿಗೆ 7, ಸುಲಭಕ್ಕೆ 7.

ಬೀಟನ್ ಎಂದರೆ ಕಣ್ಣೆದುರು ಬರುವ ತುಂಬುಮೈಯ ಅನುಭವಸ್ಥ ಯಜಮಾನಿ ನಿಜಕ್ಕೂ ಇರಲಿಲ್ಲ. ಪುಸ್ತಕ ಬಂದಾಗ ಅವಳಿಗೆ 25 ವರ್ಷ, 1865ರಲ್ಲಿ ಹೆರಿಗೆಯ ನಂತರದ ಜ್ವರದಲ್ಲಿ ಸತ್ತಾಗ 28. ಅವಳ ಪಾಕಗಳಲ್ಲಿ ಹೆಚ್ಚಿನವು ಪತ್ರಿಕೆಯ ಓದುಗರು ಕಳಿಸಿದ್ದು, ಇಲ್ಲವೇ ಬೇರೆಯವರ ಪುಸ್ತಕಗಳಿಂದ ಎತ್ತಿಕೊಂಡಿದ್ದು. ಆ ಬೇರೆಯವರಲ್ಲಿ ಎಲೈಜಾ ಆಕ್ಟನ್ ಮುಖ್ಯಳು. 1826ರಲ್ಲಿ ಕವನ ಸಂಕಲನ ಪ್ರಕಟಿಸಿದ್ದ ಆಕ್ಟನ್ 1845ರಲ್ಲಿ ಪಾಕಪುಸ್ತಕ ಬರೆದಳು. ಪ್ರತಿ ಪಾಕದ ಕೊನೆಗೆ ಪದಾರ್ಥ, ಪ್ರಮಾಣ, ಬೇಯುವ ಕಾಲ ಇವನ್ನು ಬೇರೆಯಾಗಿ ಪಟ್ಟಿ ಮಾಡಿಕೊಟ್ಟಳು. ಇವತ್ತು ಯಾವ ಪಾಕವಿಧಾನವೂ ಅಂಥ ಪಟ್ಟಿಯಿಲ್ಲದೆ ಇರುವುದಿಲ್ಲ. ಪದಗಳನ್ನು ಅಳೆದು ಇಡುವ ಕವಿಯ ಶಿಸ್ತು ಅಡುಗೆಮನೆಗೆ ಬಂದದ್ದು ಹೀಗೆ ಎಂದುಕೊಳ್ಳುವುದು ನನಗಿಷ್ಟ.

ಈ ಸಾಲಿನಲ್ಲಿ ನಾನು ಅಂಕ ಕೊಡದೆ ಬಿಟ್ಟ ಪುಸ್ತಕ ಒಂದಿದೆ. 1866ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತ್ಯದ ಪಾ ಪಾ ಎಂಬ ಸಣ್ಣ ಊರಿನಲ್ಲಿ ಮಲಿಂಡಾ ರಸೆಲ್ ತಾನೇ ಪ್ರಕಟಿಸಿದ ಪುಟ್ಟ ಪಾಕಪುಸ್ತಕ. ಆಫ್ರಿಕನ್ ಅಮೆರಿಕನ್ ಹೆಂಗಸೊಬ್ಬಳು ಬರೆದ ಪಾಕಪುಸ್ತಕಗಳಲ್ಲಿ ಇದುವರೆಗೆ ಸಿಕ್ಕಿರುವ ಅತ್ಯಂತ ಹಳೆಯದು ಇದು. ರಸೆಲ್ ಗುಲಾಮಳಾಗಿರಲಿಲ್ಲ, ಸ್ವತಂತ್ರಳಾಗಿಯೇ ಟೆನೆಸ್ಸಿಯಲ್ಲಿ ಹುಟ್ಟಿದವಳು. ಗಂಡ ತೀರಿಕೊಂಡ ಮೇಲೆ ಅಂಗವಿಕಲ ಮಗನನ್ನು ಸಾಕುತ್ತ ಕೇಕು, ಪೇಸ್ಟ್ರಿಗಳ ಅಂಗಡಿ ನಡೆಸಿ ದುಡ್ಡು ಕೂಡಿಟ್ಟಿದ್ದಳು. ಅಂತರ್ಯುದ್ಧದ ಕಾಲದಲ್ಲಿ ದರೋಡೆಕೋರರ ಗುಂಪು ಅದನ್ನೆಲ್ಲ ದೋಚಿತು. ಉತ್ತರಕ್ಕೆ ಓಡಿಬಂದ ಅವಳು ಮತ್ತೆ ಊರಿಗೆ ಮರಳಲು ಬೇಕಾದ ಹಣಕ್ಕಾಗಿ ಈ ಪುಸ್ತಕ ಬರೆದಳು. ಅದರಲ್ಲಿ ಹೆಚ್ಚಿನ ಪಾಲು ಸಿಹಿತಿಂಡಿಗಳದ್ದೇ.

ಅವಳ ಪಾಕಗಳು ತೀರ ಚಿಕ್ಕವು. ಪದಾರ್ಥಗಳ ಹೆಸರು ಬರುತ್ತದೆ, ಹೇಗೆ ಎಂಬುದು ಬಹಳ ಕಡೆ ಬರುವುದೇ ಇಲ್ಲ. ನಮ್ಮ ಅಜ್ಜಿಯರ ಮಾತಿನಂತೆ: ‘ಹದಕ್ಕೆ ಬಂದಾಗ ಇಳಿಸು’. ಒಂದೆಳೆ ಪಾಕ ಯಾವುದು, ಎರಡೆಳೆ ಯಾವುದು ಎಂದು ಬೆರಳಿಗೆ ಗೊತ್ತಿರುವವರಿಗೆ ಇಷ್ಟು ಸಾಕು. ಗೊತ್ತಿಲ್ಲದವನು ಅವಳ ಕೇಕು ಬೇಯಿಸಿ ಅಂಕ ಹಾಕಿದರೆ ಆ ಅಂಕ ಅವನಿಗೇ ಸಲ್ಲುತ್ತದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಅವಳ ಸಾಲಿನಲ್ಲಿ ರುಚಿ, ಸುಲಭ ಎರಡೂ ಖಾಲಿ. ಮೂರನೆಯ ಕಾಲಮ್ಮು ಮಾತ್ರ ತುಂಬಿದೆ. ಇನ್ನೊಂದು ಮಾತು: ಮೂಲ ಮುದ್ರಣದ ಒಂದೇ ಒಂದು ಪ್ರತಿ ಉಳಿದು ಮಿಷಿಗನ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿತು. ಅದೂ ಕಳೆದಿದ್ದರೆ ರಸೆಲ್ ಎಂಬವಳು ಇದ್ದಳೆಂದೇ ಪಾಕಚರಿತ್ರೆಗೆ ತಿಳಿಯುತ್ತಿರಲಿಲ್ಲ.

‘ಹದ’ವನ್ನು ಗೊತ್ತಿಲ್ಲದವರಿಗೂ ದಾಟಿಸಲು ಹೊರಟವಳು ಫ್ಯಾನಿ ಫಾರ್ಮರ್. ಹದಿಹರೆಯದಲ್ಲಿ ಪಾರ್ಶ್ವವಾಯು ಬಡಿದು ಓದು ನಿಂತಿತ್ತು. ಮುಂದೆ ಬಾಸ್ಟನ್ನಿನ ಅಡುಗೆ ಶಾಲೆ ಸೇರಿ, ಅದರ ಮುಖ್ಯಸ್ಥೆಯೇ ಆದಳು. 1896ರಲ್ಲಿ ಬಂದ ಅವಳ ಪುಸ್ತಕದ ಹಟ ಒಂದೇ: ಕಪ್ಪು, ಚಮಚ ಯಾವುದೇ ಇರಲಿ, ಮೇಲೆ ಚಾಕು ಎಳೆದು ಮಟ್ಟಸ ಮಾಡಿಯೇ ಅಳೆಯಬೇಕು. ‘ಗೋಪುರದ ಚಮಚ’, ‘ಬೆಣ್ಣೆ ಒಂದು ಅಡಿಕೆಯಷ್ಟು’ ಎಂಬಂಥ ಅಳತೆಗಳಿಗೆ ಅಲ್ಲಿ ಜಾಗವಿಲ್ಲ. ಪ್ರಕಾಶಕರಿಗೆ ಇದರ ಮೇಲೆ ನಂಬಿಕೆಯಿರಲಿಲ್ಲ. 3,000 ಪ್ರತಿಗಳ ಮೊದಲ ಮುದ್ರಣದ ಖರ್ಚನ್ನು ಅವಳೇ ಭರಿಸಬೇಕಾಯಿತು. ಆ ಪುಸ್ತಕ ಇವತ್ತಿಗೂ ಮರುಮುದ್ರಣವಾಗುತ್ತಲೇ ಇದೆ.

ಈ ಕಪ್ಪಿನ ಲೋಕದ ಕೂಸು 1-2-3-4 ಕೇಕ್. ಒಂದು ಕಪ್ ಬೆಣ್ಣೆ, ಎರಡು ಸಕ್ಕರೆ, ಮೂರು ಹಿಟ್ಟು, ನಾಲ್ಕು ಮೊಟ್ಟೆ. ಹೆಸರೇ ಪಾಕ. ಓದು ಬರಹ ಬಾರದವರೂ ಮರೆಯಲಾರರು. ಪಾವು, ಸೇರುಗಳ ಲೆಕ್ಕದಲ್ಲಿ ಬೆಳೆದ ನಮಗೆ ಇದು ತಕ್ಷಣ ಒಗ್ಗುತ್ತದೆ. ಹಾಲು, ಬೇಕಿಂಗ್ ಪೌಡರ್ ಸೇರಿಸಿ ಮಾಡಿದೆ. ರುಚಿಗೆ 7, ಸುಲಭಕ್ಕೆ 9. ಆದರೆ ಆ 9ರಲ್ಲಿ ನನ್ನ ಓವನ್ನಿನ ಗುಂಡಿಗೂ ಪಾಲಿದೆ. ಬ್ರಿಟನ್ನಿನ ಗ್ಯಾಸ್ ಒಲೆಗಳಿಗೆ ಶಾಖ ನಿಯಂತ್ರಿಸುವ ರೆಗ್ಯುಲೋ ಬಂದದ್ದೇ 1923ರಲ್ಲಿ. ಅಲ್ಲಿಯವರೆಗೆ ಒಲೆಯೊಳಗೆ ಕೈಯಿಟ್ಟು ಎಷ್ಟು ಹೊತ್ತು ತಡೆಯುತ್ತದೆ ಎಂದು ಎಣಿಸಬೇಕು, ಇಲ್ಲವೇ ಕಾಗದದ ಚೂರಿಟ್ಟು ಅದು ಎಷ್ಟು ಕಂದುತ್ತದೆ ಎಂದು ಕಾಯಬೇಕು.

ಮುಂದಿನ ಕೇಕಿನಲ್ಲಿ ಬೆಣ್ಣೆಯೂ ಇಲ್ಲ, ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಮೊದಲ ಮಹಾಯುದ್ಧದ ಕಾಲದ ಅಮೆರಿಕದಲ್ಲಿ ಇದನ್ನು ಯುದ್ಧದ ಕೇಕು ಎಂದರು. ಒಣದ್ರಾಕ್ಷಿ, ಕಂದು ಸಕ್ಕರೆ, ಲವಂಗ, ದಾಲ್ಚಿನ್ನಿ, ಒಂದಿಷ್ಟು ಜಿಡ್ಡನ್ನು ನೀರಿನಲ್ಲಿ ಕುದಿಸಿ, ಆರಿಸಿ, ಹಿಟ್ಟು ಮತ್ತು ಸೋಡಾ ಬೆರೆಸಿ ಬೇಯಿಸುವುದು. ಎರಡನೆಯ ಯುದ್ಧದಲ್ಲಿ ಬ್ರಿಟನ್ನಿಗೂ ಇಂಥ ಕೇಕುಗಳೇ ಗತಿಯಾದವು. 1940ರ ಜನವರಿ 8ರಂದು ಅಲ್ಲಿ ಬೆಣ್ಣೆ, ಸಕ್ಕರೆಗಳಿಗೆ ಪಡಿತರ ಬಂತು. ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ 8 ಔನ್ಸ್ ಸಕ್ಕರೆ, 2 ಔನ್ಸ್ ಬೆಣ್ಣೆ, ಸಿಕ್ಕರೆ ಒಂದು ಮೊಟ್ಟೆ. ಗ್ಲಾಸ್‌ಳ ಒಂದು ಪೌಂಡ್ ಕೇಕಿಗೆ ಒಬ್ಬರ ಎರಡು ವಾರದ ಸಕ್ಕರೆ, ಎಂಟು ವಾರದ ಬೆಣ್ಣೆ ಸುರಿಯಬೇಕು. ಕೇಕಿನ ಮೇಲೆ ಸಕ್ಕರೆಯ ಐಸಿಂಗ್ ಹಾಕುವುದನ್ನೂ 1940ರಲ್ಲೇ ನಿಷೇಧಿಸಿದರು. ಆಗ ಮದುವೆಗಳಲ್ಲಿ ಪುಟ್ಟ ಕೇಕಿನ ಮೇಲೆ ಅಲಂಕಾರದ ರಟ್ಟಿನ ಹೊದಿಕೆ ಮುಚ್ಚಿ ಫೋಟೊ ತೆಗೆಸಿಕೊಂಡರು. ಸಕ್ಕರೆಯ ಪಡಿತರ ಮುಗಿದದ್ದು ಯುದ್ಧ ನಿಂತು ಎಂಟು ವರ್ಷವಾದ ಮೇಲೆ, 1953ರಲ್ಲಿ.

ನಾನು ಮಾಡಿದ ಯುದ್ಧದ ಕೇಕು ಮೊದಲ ದಿನ 5 ಅಂಕದ್ದು, ಎರಡನೆಯ ದಿನ ಮಸಾಲೆ ಇಳಿದು 7ರದ್ದು. ಸುಲಭಕ್ಕೆ 9. ‘ಯಾರ ಶ್ರಮ’ದ ಕೆಳಗೆ ಪಡಿತರದ ಸಾಲಿನಲ್ಲಿ ನಿಂತವರು ಎಂದು ಬರೆದೆ.

ಕೊನೆಯ ಕೇಕು ಮನೆಯದೇ: ಮೊಸರು, ಎಣ್ಣೆ, ಸಕ್ಕರೆ, ಮೈದಾ, ಸೋಡಾ. ಓವನ್ ಇಲ್ಲದ ಮನೆಗಳಲ್ಲಿ ಕುಕ್ಕರಿನ ತಳಕ್ಕೆ ಮರಳು ಹರಡಿ, ಗ್ಯಾಸ್ಕೆಟ್ಟು ತೆಗೆದು ಬೇಯಿಸುತ್ತಿದ್ದ ಕೇಕಿದು. ಕನ್ನಡಿಗರಿಗೆ ಮೊಟ್ಟೆಯಿಲ್ಲದ ಕೇಕಿನ ರುಚಿ ಹತ್ತಿಸಿದ್ದು ಅಯ್ಯಂಗಾರ್ ಬೇಕರಿಗಳು. 1898ರಲ್ಲಿ ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ಇವುಗಳ ಮೂಲವೆನ್ನುತ್ತಾರೆ. ಆಮೇಲೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದ ಎಷ್ಟೋ ಕುಟುಂಬಗಳು ಊರೂರಲ್ಲಿ ಒಲೆ ಹೂಡಿದವು. ಖಾರ ಬನ್ನು, ದಿಲ್‌ಪಸಂದ್, ತೆಂಗಿನತುರಿ ಉದುರಿಸಿದ ಹನಿ ಕೇಕ್‌ಗಳನ್ನು ಮಡಿವಂತರೂ ಅಳುಕಿಲ್ಲದೆ ತಿನ್ನುವಂತಾಯಿತು.

ಎರಡೂ ಕೇಕುಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಕಂಡದ್ದಿಷ್ಟು. ಅಲ್ಲಿ ಮೊಟ್ಟೆ ಬಿಡಿಸಿದ್ದು ಅಭಾವ, ಇಲ್ಲಿ ಆಚಾರ. ಎರಡು ಕಡೆಯೂ ಹಿಟ್ಟನ್ನು ಎಬ್ಬಿಸಿದ್ದು ಸಿಮನ್ಸ್‌ಳ ಬೂದಿಯ ಮೊಮ್ಮಗಳಾದ ಸೋಡಾ. ಅದಕ್ಕೆ ಹುಳಿಯನ್ನು ಅಲ್ಲಿ ದ್ರಾಕ್ಷಿ ಮತ್ತು ಕಂದು ಸಕ್ಕರೆ ಕೊಟ್ಟರೆ ಇಲ್ಲಿ ಮೊಸರು ಕೊಡುತ್ತದೆ. ಮೊಸರಿನ ಕೇಕಿಗೆ ರುಚಿಗೆ 7, ಸುಲಭಕ್ಕೆ 10. ಇಡೀ ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಹತ್ತು ಬಿದ್ದದ್ದು ಇದೊಂದಕ್ಕೇ.

ಆ ಹತ್ತನ್ನು ಬಿಡಿಸಿ ನೋಡಿದರೆ ಅದರಲ್ಲಿ ಬೂದಿ ಸೋಸಿದವರಿದ್ದಾರೆ, ಪಟ್ಟಿ ಬರೆಯುವುದನ್ನು ಕಲಿಸಿದ ಕವಿಯಿದ್ದಾಳೆ, ಚಾಕು ಎಳೆದು ಚಮಚ ಮಟ್ಟಸ ಮಾಡಿದವಳಿದ್ದಾಳೆ, ಚಿಕ್ಕಪೇಟೆಯ ಒಲೆಯ ಮುಂದೆ ಬೆವರಿದವರಿದ್ದಾರೆ. ಕಬ್ಬು ಕಡಿದವರಂತೂ ಪ್ರತಿಯೊಂದು ಸಾಲಿನಲ್ಲೂ ಇದ್ದಾರೆ. ಒಂದು ಕೆಲಸ ಸುಲಭವಾಗುವುದೆಂದರೆ ಅದರ ಕಷ್ಟ ಇಲ್ಲವಾಯಿತೆಂದಲ್ಲ. ಯಾರೋ ಅದನ್ನು ಮೊದಲೇ ಪಟ್ಟು ಮುಗಿಸಿದ್ದಾರೆ, ಇಲ್ಲವೇ ನಮಗೆ ಕಾಣದ ಕಡೆ ಈಗಲೂ ಪಡುತ್ತಿದ್ದಾರೆ.

ರುಚಿ ನನ್ನ ನಾಲಿಗೆಗೆ ಬಿಟ್ಟದ್ದು, ಅದನ್ನು ಮನೆಯವರು ಯಾವಾಗ ಬೇಕಾದರೂ ತಿದ್ದಬಹುದು. ‘ಯಾರ ಶ್ರಮ’ ಎಂಬ ಕಾಲಮ್ಮಿನಲ್ಲಿ ಬರೆದದ್ದನ್ನು ತಿದ್ದುವಂತಿಲ್ಲ, ಸೇರಿಸುತ್ತ ಹೋಗಬಹುದು ಅಷ್ಟೇ. ಪಾಕಪುಸ್ತಕದಲ್ಲಿ ‘ಸುಲಭ’ ಎಂಬ ಪದ ಕಂಡಾಗ ನೀವೂ ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಗೆರೆ ಎಳೆದಿಡಿ. ಬರೆದುಕೊಳ್ಳಲು ಹೆಸರುಗಳು ಸಿಗುತ್ತಲೇ ಇರುತ್ತವೆ.